ಪಡೆಯುವಾಗ ಎಡ, ಕೊಡುವಾಗ ಬಲ

ನಮ್ಮಲ್ಲಿ ಒಬ್ಬ ಎಡವೋ ಬಲವೋ ಎಂದು ತೀರ್ಮಾನವಾಗುವುದು ಅವನ ತಟ್ಟೆ ನೋಡಿ, ಹಣೆ ನೋಡಿ. ಜೇಬು ನೋಡಿ ಯಾರೂ ಹೇಳುವುದಿಲ್ಲ. ನೋಡಿದರೆ ಎಲ್ಲರಿಗೂ ತೊಂದರೆ.

1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ರಾಜನ ಪರ ಇದ್ದವರು ಅಧ್ಯಕ್ಷರ ಬಲಕ್ಕೆ ಕೂತರು, ವಿರೋಧ ಇದ್ದವರು ಎಡಕ್ಕೆ. ಅವರಿಗಾದರೂ ಕೂರಲು ಜಾಗ ಅಂತ ಒಂದಿತ್ತು. ನಮ್ಮವರು ಕೂರುವುದೇ ಇಲ್ಲ. ದುಡ್ಡು ಯಾವ ಕಡೆಯಿಂದ ಬರುತ್ತದೋ ಆ ಕಡೆಗೆ ಸರಿಯುತ್ತಾರೆ.

ಆರ್ಥಿಕವಾಗಿ ನೀವು ಎಲ್ಲಿದ್ದೀರಿ ಎಂದು ಯಾರನ್ನಾದರೂ ಕೇಳಿ. "ನಾವು ಮಿಡ್ಲ್ ಕ್ಲಾಸು ಸಾರ್." ಮೂರು ಫ್ಲ್ಯಾಟ್ ಬಾಡಿಗೆಗೆ ಬಿಟ್ಟವನೂ ಮಿಡ್ಲ್ ಕ್ಲಾಸು. ಅದೇ ಅಪಾರ್ಟ್‌ಮೆಂಟಿನಲ್ಲಿ ಕಾರು ತೊಳೆಯುವವನೂ ಮಿಡ್ಲ್ ಕ್ಲಾಸು. ಈ ರಾಜ್ಯದಲ್ಲಿ ಶ್ರೀಮಂತರೇ ಇಲ್ಲ. ಬಿಪಿಎಲ್ ಕಾರ್ಡಿನ ಪಟ್ಟಿ ತೆಗೆದರೆ ಮಧ್ಯಮ ವರ್ಗದವರೂ ಇಲ್ಲ.

ಪಾರ್ಕಿನಲ್ಲಿ ವಾಕಿಂಗಿಗೆ ಬರುವ ನಿವೃತ್ತ ಅಧಿಕಾರಿಯೊಬ್ಬರಿದ್ದಾರೆ. ನಿಮ್ಮ ಬಡಾವಣೆಯ ಪಾರ್ಕಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಇಡೀ ಸರ್ವೀಸು ಬೆಂಗಳೂರಿನ ಕೇಂದ್ರ ಸರ್ಕಾರಿ ಕಾರ್ಖಾನೆಯೊಂದರಲ್ಲಿ. ವಾಸ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ. ಓಡಾಟ ಫ್ಯಾಕ್ಟರಿ ಬಸ್ಸಿನಲ್ಲಿ. ಹೆಂಡತಿಯ ಹೆರಿಗೆ ಫ್ಯಾಕ್ಟರಿ ಆಸ್ಪತ್ರೆಯಲ್ಲಿ, ಮಕ್ಕಳ ಓದು ಫ್ಯಾಕ್ಟರಿ ಶಾಲೆಯಲ್ಲಿ. ಕ್ಯಾಂಟೀನಿನ ಊಟಕ್ಕೆ ಕೊಟ್ಟದ್ದು ಚಿಲ್ಲರೆ. ಈಗ ಮನೆ ಕಟ್ಟಿಕೊಂಡಿರುವ ಸೈಟು ನೌಕರರ ಗೃಹ ನಿರ್ಮಾಣ ಸಹಕಾರ ಸಂಘದ್ದು. ಆ ಜಮೀನು ಸರ್ಕಾರವೇ ರೈತರಿಂದ ಸ್ವಾಧೀನ ಮಾಡಿಸಿ ಕೊಟ್ಟದ್ದು. ಮಗ ಸರ್ಕಾರಿ ಸೀಟಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಟೆಕ್ಸಾಸಿನಲ್ಲಿದ್ದಾನೆ.

ಇವರ ಸಿದ್ಧಾಂತ ಏನು ಗೊತ್ತೇ? "ಎಲ್ಲಾ ಪ್ರೈವೇಟ್ ಮಾಡಿ ಬಿಸಾಕ್ಬೇಕು ಸಾರ್. ಬಿಟ್ಟಿ ತಿಂದೂ ತಿಂದೂ ಜನ ಸೋಮಾರಿಗಳಾಗಿದಾರೆ."

ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು 2016ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಾಗ ಪಾರ್ಕಿನ ಬೆಂಚಿನ ಮೇಲೆ ಕೂತು ಹಲುಬಿದವರೂ ಇವರೇ. ಆಗ ಕೈಯಲ್ಲಿದ್ದದ್ದು ಮಗ ಕಳಿಸಿದ ವಿದೇಶಿ ವಾಚು.

ಗೃಹಜ್ಯೋತಿಯ ಕಥೆ ಇದಕ್ಕಿಂತ ಚೆಂದ. ಆ ಯೋಜನೆಗೆ ಆದಾಯದ ಮಿತಿ ಇಲ್ಲ. ಹಿಂದಿನ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಒಳಗಿದ್ದರೆ ಬಿಲ್ಲು ಸೊನ್ನೆ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ 'ಬಿಟ್ಟಿ ಭಾಗ್ಯದಿಂದ ರಾಜ್ಯ ದಿವಾಳಿ' ಎಂಬ ಫಾರ್ವರ್ಡ್ ಹಾಕಿದ ಮಹಾಶಯರು ಸೇವಾ ಸಿಂಧುವಿನಲ್ಲಿ ಅರ್ಜಿಯನ್ನೂ ಹಾಕಿದ್ದಾರೆ. ತಿಂಗಳ ಕೊನೆಗೆ ಮೀಟರ್ ಬೋರ್ಡಿನ ಮುಂದೆ ಟಾರ್ಚ್ ಹಿಡಿದು ನಿಲ್ಲುತ್ತಾರೆ. ಮಿತಿ ಹತ್ತಿರ ಬಂದಿದ್ದರೆ ಗೀಸರ್ ಆಫ್. ಮೂರು ದಿನ ಮನೆಮಂದಿಗೆಲ್ಲ ತಣ್ಣೀರು. ಕೇಳಿದರೆ, "ನಮ್ಮ ಟ್ಯಾಕ್ಸ್ ದುಡ್ಡು, ಯಾಕೆ ಬಿಡೋಣ?"

ಇವರ ಎರಡನೇ ಕಾರು ನಿಲ್ಲುವುದು ರಸ್ತೆಯಲ್ಲಿ. ಹಗಲೂ ರಾತ್ರಿ. ಸಾರ್ವಜನಿಕ ಜಾಗ, ಬಾಡಿಗೆ ಇಲ್ಲ, ಮೇಲೆ ಬೆಳ್ಳಿ ಬಣ್ಣದ ಕವರು. ಅದರ ಪಕ್ಕದಲ್ಲೇ ಒಬ್ಬ ಎಳನೀರಿನ ಗಾಡಿ ನಿಲ್ಲಿಸಿದ. ಸಂಜೆಯೊಳಗೆ ಪಾಲಿಕೆಗೆ ದೂರು ಹೋಯಿತು: ಫುಟ್‌ಪಾತ್ ಒತ್ತುವರಿ.

ಒತ್ತುವರಿ ಎಂದರೆ ಮಲೆನಾಡಿಗೆ ಹೋಗಬೇಕು. ಎರಡೆಕರೆ ಸರ್ಕಾರಿ ಜಮೀನು ಉಳುತ್ತಿರುವವನು ಫಾರಂ 57 ಹಿಡಿದು ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸುತ್ತಾನೆ. ಬಗರ್‌ಹುಕುಂ ಸಮಿತಿ ಇವತ್ತು ಕೂರುತ್ತದೆ, ನಾಳೆ ಕೂರುತ್ತದೆ. ಕೊಡಗು, ಹಾಸನ, ಚಿಕ್ಕಮಗಳೂರಿನ ಕಡೆ ಸರ್ಕಾರಿ ಜಾಗಕ್ಕೆ ಬೇಲಿ ಸರಿಸಿ ಕಾಫಿ ಹಾಕಿದವರಿಗೆ ಮಾತ್ರ ಕಾನೂನೇ ತಿದ್ದುಪಡಿಯಾಯಿತು. 25 ಎಕರೆವರೆಗೆ, 30 ವರ್ಷದ ಗುತ್ತಿಗೆ. ಬಡವನದು ಅತಿಕ್ರಮಣ, ಸಾಹುಕಾರರದು ಸ್ವಾಧೀನಾನುಭವ. ಅದೇ ಸಾಹುಕಾರರು ಕ್ಲಬ್ಬಿನಲ್ಲಿ ಕೂತು, "ಅನ್ನಭಾಗ್ಯ ಬಂದ್ಮೇಲೆ ತೋಟದ ಕೆಲಸಕ್ಕೆ ಆಳೇ ಸಿಗಲ್ಲ ಮಾರಾಯ್ರೆ" ಎಂದು ದೇಶದ ಆರ್ಥಿಕತೆಗೆ ಮರುಗುತ್ತಾರೆ. ಆಳು ಸಿಗುತ್ತಾನೆ ಸ್ವಾಮಿ. ಕೂಲಿ ಜಾಸ್ತಿ ಮಾಡಿ ನೋಡಿ. ಬೇಡಿಕೆ, ಪೂರೈಕೆ ಎಂದು ನೀವೇ ಪಾಠ ಹೇಳುತ್ತೀರಲ್ಲ.

ಐದು ಕೆ.ಜಿ. ಅಕ್ಕಿ ಸಿಕ್ಕರೆ ಮನುಷ್ಯ ಸೋಮಾರಿಯಾಗುತ್ತಾನಂತೆ. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ತೆರಿಗೆಯನ್ನು ಶೇ 30ರಿಂದ ಶೇ 22ಕ್ಕೆ ಇಳಿಸಿದರು. ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಎಂದು ಸರ್ಕಾರವೇ ಹೇಳಿತು. ಕಂಪನಿಗಳು ಸೋಮಾರಿಯಾದಾವು ಎಂದು ಒಬ್ಬನೂ ಎದೆ ಬಡಿದುಕೊಳ್ಳಲಿಲ್ಲ. 2025ರ ಬಜೆಟ್ಟಿನಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂದಾಗ ಟೆಕಿಗಳು ಸ್ಟೇಟಸ್ ಹಾಕಿದ್ದೇ ಹಾಕಿದ್ದು. ನಮ್ಮನ್ನು ಹಾಳು ಮಾಡಬೇಡಿ ನಿರ್ಮಲಮ್ಮ ಎಂದು ಬರೆದವರು ಯಾರೂ ಕಾಣಲಿಲ್ಲ.

ಎಡದವರು ಇಷ್ಟು ಹೊತ್ತು ಓದಿ ಖುಷಿಪಟ್ಟಿರಬೇಕು. ಸ್ವಲ್ಪ ಇರಿ.

ಯುಜಿಸಿ ಸ್ಕೇಲಿನ ಪ್ರಾಧ್ಯಾಪಕರು ವಿಚಾರ ಸಂಕಿರಣದಲ್ಲಿ ನವ ಉದಾರವಾದವನ್ನು ಜಾಲಾಡುತ್ತಾರೆ. ಶ್ರಮಶೋಷಣೆ ಎನ್ನುವಾಗ ಗಂಟಲು ಗದ್ಗದ. ಅವರ ಸ್ಟಾಫ್ ರೂಮಿನಲ್ಲೇ, ಅವರ ಪಕ್ಕದ ಕುರ್ಚಿಯಲ್ಲೇ ಅತಿಥಿ ಉಪನ್ಯಾಸಕ ಕೂತಿದ್ದಾನೆ. ಅದೇ ಸಿಲಬಸ್ಸು, ಅದೇ ಮೌಲ್ಯಮಾಪನ, ಸಂಬಳ ಮಾತ್ರ ಇವರದರ ಸಣ್ಣದೊಂದು ತುಂಡು, ಅದೂ ತಿಂಗಳುಗಟ್ಟಲೆ ತಡ. ಅವನು ಕಾಯಮಾತಿಗೆ ಧರಣಿ ಕೂತಾಗ ಪ್ರಾಧ್ಯಾಪಕರು ಲ್ಯಾಟಿನ್ ಅಮೆರಿಕದ ಬಗ್ಗೆ ಲೇಖನ ಬರೆಯುತ್ತಿದ್ದರು. ಮಗಳು ಐಸಿಎಸ್‌ಇ ಶಾಲೆಯಲ್ಲಿ. ಉಳಿತಾಯ ಮ್ಯೂಚುವಲ್ ಫಂಡಿನಲ್ಲಿ. ಬಂಡವಾಳಶಾಹಿ ಕುಸಿಯಬೇಕು ನಿಜ, ಆದರೆ ಎಸ್‌ಐಪಿ ಮೆಚ್ಯೂರ್ ಆದ ಮೇಲೆ.

ಸರ್ಕಾರಿ ಶಾಲೆಯ ಮೇಷ್ಟ್ರು ಗ್ಯಾರಂಟಿಗಳನ್ನು ಬೈಯುತ್ತಾರೆ. 2006ರ ಏಪ್ರಿಲ್ ನಂತರ ಸೇರಿದವರಿಗೆ ಹಳೆ ಪಿಂಚಣಿ ಇಲ್ಲ ಎಂದು ಫ್ರೀಡಂ ಪಾರ್ಕಿನಲ್ಲಿ ಕೂಗುತ್ತಾರೆ. ಅವರ ಮಗ ಓದುವುದು ಖಾಸಗಿ ಶಾಲೆಯಲ್ಲಿ. ಇದಕ್ಕೆ ವಿವರಣೆ ಬೇಡ.

ಪಕ್ಷಗಳಿಗೆ ಬರೋಣ. ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಮು ಒಂದಿದೆ, 1989ರಿಂದ ಜಾರಿಯಲ್ಲಿದೆ. ಈ ದೇಶದಲ್ಲಿ ಪಕ್ಷವೊಂದು ನೋಂದಣಿಯಾಗಬೇಕಾದರೆ ಸಮಾಜವಾದಕ್ಕೆ ನಿಷ್ಠೆ ಎಂದು ತನ್ನ ನಿಯಮಾವಳಿಯಲ್ಲೇ ಬರೆದುಕೊಡಬೇಕು. ಎಲ್ಲರೂ ಬರೆದುಕೊಟ್ಟಿದ್ದಾರೆ. ಅಂದರೆ ಭಾರತದಲ್ಲಿ ಬಲಪಂಥವೇ ಇಲ್ಲ, ಕಾಗದದ ಮೇಲೆ. ಬಿಜೆಪಿಯಂತೂ 1980ರಲ್ಲಿ ಹುಟ್ಟುವಾಗಲೇ 'ಗಾಂಧಿವಾದಿ ಸಮಾಜವಾದ' ಎಂದು ಹೆಸರು ಬರೆಸಿಕೊಂಡಿತ್ತು. 1955ರಲ್ಲಿ ಆವಡಿಯಲ್ಲಿ ಸಮಾಜವಾದಿ ಮಾದರಿಯ ಸಮಾಜ ಕಟ್ಟುತ್ತೇವೆ ಎಂದ ಕಾಂಗ್ರೆಸ್ಸೇ 1991ರಲ್ಲಿ ಬಾಗಿಲು ತೆರೆಯಿತು.

ಇನ್ನೂ ಸೊಗಸಾದದ್ದು ನಮ್ಮವರದೇ. ಗರಿಷ್ಠ ಆದಾಯ ತೆರಿಗೆಯನ್ನು ಶೇ 40ರಿಂದ ಶೇ 30ಕ್ಕೆ ಇಳಿಸಿ, ಉದ್ಯಮಿಗಳು 'ಕನಸಿನ ಬಜೆಟ್' ಎಂದು ಕೊಂಡಾಡಿದ್ದು 1997ರಲ್ಲಿ. ಆಗ ಪ್ರಧಾನಿ ಯಾರು? ಮಣ್ಣಿನ ಮಗ ದೇವೇಗೌಡರು. ಅವರ ಸಂಪುಟದಲ್ಲಿ ಗೃಹ ಸಚಿವರು ಯಾರು? ಸಿಪಿಐನ ಇಂದ್ರಜಿತ್ ಗುಪ್ತ. ಕೆಂಬಾವುಟದ ನೆರಳಿನಲ್ಲಿ ಬಾಂಬೆ ಷೇರುಪೇಟೆ ಕುಣಿದಾಡಿತು.

2022ರ ಜುಲೈನಲ್ಲಿ ಬುಂದೇಲ್‌ಖಂಡ ಎಕ್ಸ್‌ಪ್ರೆಸ್‌ವೇ ಉದ್ಘಾಟಿಸುತ್ತ ಪ್ರಧಾನಿ ಮೋದಿ 'ರೇವಡಿ ಸಂಸ್ಕೃತಿ' ದೇಶಕ್ಕೆ ಅಪಾಯ ಎಂದರು. ಹತ್ತು ತಿಂಗಳು ತುಂಬುವ ಮೊದಲೇ ಅವರ ಪಕ್ಷ ಕರ್ನಾಟಕದಲ್ಲಿ ಪ್ರಣಾಳಿಕೆ ಬಿಟ್ಟಿತು. ಬಿಪಿಎಲ್ ಕುಟುಂಬಕ್ಕೆ ಯುಗಾದಿಗೊಂದು, ಗಣೇಶನಿಗೊಂದು, ದೀಪಾವಳಿಗೊಂದು ಉಚಿತ ಸಿಲಿಂಡರ್. ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು. ಇವರು ಕೊಟ್ಟರೆ ಪ್ರಸಾದ, ಅವರು ಕೊಟ್ಟರೆ ರೇವಡಿ.

ಗೆದ್ದವರು ಏನು ಮಾಡಿದರು? 2023ರ ಜೂನ್ 11ರಂದು ಶಕ್ತಿ ಯೋಜನೆಗೆ ಹಸಿರು ಬಾವುಟ ತೋರಿಸಿದರು, ಹೆಣ್ಣುಮಕ್ಕಳು ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆದರು. 2025ರ ಜನವರಿಯಲ್ಲಿ ಅದೇ ಬಸ್ಸಿನ ದರ ಶೇ 15 ಏರಿತು. ಹೆಂಡತಿ ಸಮಾಜವಾದದಲ್ಲಿ, ಗಂಡ ಮಾರುಕಟ್ಟೆಯಲ್ಲಿ. ಒಂದೇ ಸೀಟು.

ಇಷ್ಟರ ನಡುವೆ ಒಂದು ಮಂತ್ರ ಎಲ್ಲರ ಬಾಯಲ್ಲೂ ಇದೆ: "ನಾವು ತೆರಿಗೆ ಕಟ್ಟುವವರು." ಅಂದರೆ ಮನೆಗೆಲಸದ ಹೆಂಗಸು ಕಟ್ಟುವುದಿಲ್ಲ ಎಂದು ಅರ್ಥ. ಅವಳ ಸೋಪಿಗೆ ಜಿಎಸ್‌ಟಿ ಇದೆ. ಪೇಸ್ಟಿಗೂ ಇದೆ. ಮೊಬೈಲ್ ರೀಚಾರ್ಜಿಗೆ ಶೇ 18. ಅವಳಿಗೆ ರಿಟರ್ನ್ ಸಲ್ಲಿಸಿ ಫೋಟೊ ಹಾಕಿಕೊಳ್ಳಲು ಬರುವುದಿಲ್ಲ, ಅಷ್ಟೇ.

ಮೊನ್ನೆ ಪಕ್ಕದ ಮನೆಯಾಕೆ, ಶಕ್ತಿ ಯೋಜನೆಯಿಂದ ರಾಜ್ಯ ಮುಳುಗಿತು ಎಂದು ಟಿವಿಯ ಮುಂದೆ ಕೂತು ಹಿಡಿಶಾಪ ಹಾಕುವವರು, ಕೆಲಸದಾಕೆಯ ಜೊತೆ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದರು. ಅವಳು ಕೇಳಿದ್ದು ಐನೂರು ರೂಪಾಯಿ ಜಾಸ್ತಿ.

"ಈಗ ನಿಂಗೆ ಬಸ್ಸು ಫ್ರೀ ಅಲ್ವೇನೇ? ಆ ದುಡ್ಡು ಉಳಿಯುತ್ತಲ್ಲ. ಮತ್ಯಾಕೆ ಜಾಸ್ತಿ?"

"ಅಕ್ಕಿ ಫ್ರೀ, ಕರೆಂಟೂ ಫ್ರೀ" ಎಂದು ಒಳಗಿನಿಂದ ಯಜಮಾನರು ದನಿಗೂಡಿಸಿದರು.