ಸ್ಟೆಪ್ ಇನ್, ಸ್ಟೆಪ್ ಡೌನ್

(ಚಾಮರಾಜನಗರದ ಒಂದು ಸ್ಪೋಕನ್ ಇಂಗ್ಲಿಷ್ ತರಗತಿ. ಗುಂಡ್ಲುಪೇಟೆ ಕಡೆಯ ಚೆಂಡುಹೂವಿನ ರೈತನೊಬ್ಬ ಹೊಸ ಶಿಷ್ಯ.)

ಮೇಷ್ಟ್ರು: ‘ಸ್ಟೆಪ್ ಇನ್’ ಅಂದರೇನಪ್ಪಾ?

ಶಿಷ್ಯ: ಮುಖ್ಯಮಂತ್ರಿ ಚಾಮರಾಜನಗರಕ್ಕ ಕಾಲಿಡಾದು ಸಾ.

ಮೇಷ್ಟ್ರು: ‘ಸ್ಟೆಪ್ ಡೌನ್’?

ಶಿಷ್ಯ: ಕಾಲಿಟ್ಟ ಮ್ಯಾಲ ಕುರ್ಚಿಯಿಂದ ಇಳಿಯಾದು. ಹಂಗಂತ ಒಂದು ನಂಬಿಕೆ ಸಾ.

ಮೇಷ್ಟ್ರು: ‘ಪುಟ್ ಆಫ್’?

ಶಿಷ್ಯ: ಅದಕ್ಕ ಹೆದರಿ ಕಾರ್ಯಕ್ರಮ ಮುಂದಕ್ಕ ಹಾಕಾದು.

ಮೇಷ್ಟ್ರು: ‘ಪುಟ್ ಅಪ್ ವಿತ್’?

ಶಿಷ್ಯ: ಅದನ್ನೆಲ್ಲ ನಾವು ಸಹಿಸ್ಕಂಡು ಇರಾದು.

ಮೇಷ್ಟ್ರು: ‘ಹೋಲ್ಡ್ ಅಪ್’?

ಶಿಷ್ಯ: ಗುಂಡ್ಲುಪೇಟೆ ದಾಟಿದ ಲಾರಿ ಬಂಡೀಪುರದ ಗೇಟಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ಗಂಟ ನಿಲ್ಲಾದು. 2009ರಿಂದ ಡ್ರೈವರುಗಳಿಗೆಲ್ಲ ಇದೇ ಪಾಠ ಸಾ.

ಮೇಷ್ಟ್ರು: ಯಾಕೆ ನಿಲ್ಲಿಸ್ತಾರೆ?

ಶಿಷ್ಯ: ಆನೆ, ಜಿಂಕೆ ‘ರನ್ ಓವರ್’ ಆಗಬಾರ್ದು ಅಂತ.

ಮೇಷ್ಟ್ರು: ಭೇಷ್! ‘ಕ್ಯಾರಿ ಆನ್’?

ಶಿಷ್ಯ: ಸಿದ್ದರಾಮಯ್ಯನೋರು ಸಾ. 2013ರಲ್ಲಿ ಮುಖ್ಯಮಂತ್ರಿ ಆದ್ರು, ಮ್ಯಾಲಿಂದ ಮ್ಯಾಲ ಇಲ್ಲಿಗ ಬಂದ್ರು, 5 ವರ್ಷನೂ ಪೂರೈಸಿದ್ರು.

ಮೇಷ್ಟ್ರು: ಹಾಗಾದ್ರೆ ‘ಸ್ಟೆಪ್ ಇನ್’ ಆದೋರೆಲ್ಲ ‘ಸ್ಟೆಪ್ ಡೌನ್’ ಆಗಲೇಬೇಕು ಅನ್ನೋ ನಿಯಮ?

ಶಿಷ್ಯ: ವ್ಯಾಕರಣದಲ್ಲಿ ಇಲ್ಲ ಸಾ. ಕುರ್ಚಿ ಉರುಳ್ಸಾದು ಊರಲ್ಲ, ಶಾಸಕರ ತಲೆ ಎಣಿಕೆ.