ನವೆಂಬರ್ ಒಂದರ ಕುಸ್ತಿ

ಕಲಬುರಗಿ ಸೀಮೆಯಲ್ಲಿ ಹುಡುಗ ಹತ್ತನೇ ತರಗತಿಗೆ ಬಂದನೆಂದರೆ ಮನೆಯಲ್ಲಿ ಮೊದಲು ಬಂದ್ ಆಗುವುದು ಕೇಬಲ್ ಟಿವಿ, ಎರಡನೆಯದು ಆಟ. ನನ್ನ ಓರಗೆಯವರು ಖೋಖೋ, ಕಬಡ್ಡಿ, ವಾಲಿಬಾಲ್ ಬಿಟ್ಟದ್ದು ಸೋತು ಅಲ್ಲ, ಸೀಟಿಗಾಗಿ. 1994ರಲ್ಲಿ ಸಿಇಟಿ ಬಂದ ಮೇಲಂತೂ ಮೈದಾನದಲ್ಲಿ ಕಂಡ ಹುಡುಗನನ್ನು ದಾರಿಹೋಕರೂ ನಿಲ್ಲಿಸಿ, “ಯಾಕೋ, ಇಂಜಿನಿಯರಿಂಗ್ ಸೀಟ್ ಬ್ಯಾಡೇನು?” ಎಂದು ಕೇಳುವ ಅಧಿಕಾರ ಪಡೆದರು. ಹಾಗೆ ಆಟ ಬಿಟ್ಟು, ಸೀಟು ಹಿಡಿದು, ಕಡೆಗೆ ನ್ಯೂಜೆರ್ಸಿ ಮುಟ್ಟಿದವನಿಗೆ ಇಲ್ಲಿ ತಿಳಿದ ಸುದ್ದಿ ಏನೆಂದರೆ, ಈ ದೇಶದಲ್ಲಿ ಸೀಟು ಬೇಕಾದರೆ ಆಟ ಆಡಬೇಕಂತೆ!

ಇಲ್ಲಿಯ ನೂರಾರು ಕಾಲೇಜುಗಳಿಗೆ ಸೇರಿ ಒಂದೇ ಅರ್ಜಿ. ಹೆಸರು ಕಾಮನ್ ಆ್ಯಪ್, 1975ರಿಂದ ನಡೆದುಬಂದದ್ದು. ಅಂಕಪಟ್ಟಿ ಕೊಟ್ಟರೆ ಮುಗಿಯುವುದಿಲ್ಲ. 650 ಪದ ಮೀರದ ಒಂದು ಪ್ರಬಂಧ ಬರೆಯಬೇಕು, ಪಾಠದ ಹೊರಗೆ ಏನೇನು ಮಾಡಿದಿರಿ ಎಂದು ಹತ್ತು ಖಾನೆ ತುಂಬಬೇಕು. ಒಂದೊಂದರ ವಿವರಣೆಯೂ 150 ಅಕ್ಷರದೊಳಗೆ ಮುಗಿಯಬೇಕು. ವಾರಕ್ಕೆ ಎಷ್ಟು ತಾಸು, ವರ್ಷಕ್ಕೆ ಎಷ್ಟು ವಾರ ಎಂಬ ಲೆಕ್ಕ ಬೇರೆ. ಕನ್ನಡ ಕೂಟದ ದೀಪಾವಳಿ ಊಟದ ಸಾಲಿನಲ್ಲಿ ನಿಂತ ತಂದೆಯರು ಒಬ್ಬರನ್ನೊಬ್ಬರು ಕೇಳುವುದು ಆರೋಗ್ಯವನ್ನಲ್ಲ, ಖಾನೆಯನ್ನು: “ನಿಮ್ಮವಂದು ಎಷ್ಟು ತುಂಬ್ಯಾವ್ರೀ?”

ನಮ್ಮ ಹುಡುಗನಿಗೆ ನಾವು ಗೊತ್ತುಮಾಡಿದ್ದು ಟೆನಿಸ್. ಅವನು ಹಿಡಿದದ್ದು ಕುಸ್ತಿ. ಕಾರಣ ಸರಳ: ಅವನ ಶಾಲೆಯಲ್ಲಿ ಬಂದವರನ್ನು ವಾಪಸು ಕಳಿಸದ ತಂಡ ಅದೊಂದೇ. ಒಂಬತ್ತನೇ ತರಗತಿಯಲ್ಲಿ ಜೂನಿಯರ್ ವಾರ್ಸಿಟಿಗೆ, ಅಂದರೆ ಎರಡನೇ ತಂಡಕ್ಕೆ ಸೇರಿದವನು ಹನ್ನೊಂದನೆಯದು ಮುಗಿದರೂ ಅಲ್ಲೇ ಖಾಯಂ ಆಗಿದ್ದ.

ಸುದ್ದಿ ಕೇಳಿ ಖುಷಿಪಟ್ಟವರು ಆಳಂದ ತಾಲೂಕಿನ ಊರಲ್ಲಿರುವ ನನ್ನ ಅಪ್ಪ, ಹುಡುಗನಿಗೆ ಮುತ್ಯಾ. ಮಜ್ಜಿಗೆ, ಎಣ್ಣೆ, ಅರಿಶಿನ ಕಲಸಿದ ಮಣ್ಣಿನಲ್ಲಿ ಹೊರಳಿ, ಜಾತ್ರೆಯ ತೆಂಗಿನಕಾಯಿ ಕುಸ್ತಿಯಿಂದ ಶುರುಮಾಡಿ ಬೆಳ್ಳಿ ಕಡಗದ ಕುಸ್ತಿವರೆಗೆ ಏರಿದವರು. ಎರಡೆರಡು ನಿಮಿಷದ ಮೂರು ಸುತ್ತು, ಎರಡೂ ಭುಜ ಮ್ಯಾಟಿಗೆ ತಾಗಿಸಿ ಹಿಡಿದರೆ ಅಲ್ಲಿಗೆ ಮುಗಿಯಿತು ಎಂದು ಮೊಮ್ಮಗ ವಿಡಿಯೋ ಕಾಲಿನಲ್ಲಿ ವಿವರಿಸಿದ. “ಅಂದ್ರ ಚಿತ್ತು. ಅದು ಖರೇ ಅದ,” ಎಂದು ಒಪ್ಪಿದ ಮುತ್ಯಾ ಮ್ಯಾಟನ್ನು ಮಾತ್ರ ಒಪ್ಪಲಿಲ್ಲ. “ಗಾದಿ ಮ್ಯಾಲ ಬಿದ್ರ ಅದೇನ್ ಕುಸ್ತಿ ತಮ್ಮಾ? ಅದಕ್ಕ ನಿದ್ದಿ ಅಂತಾರ.”

ಕುಸ್ತಿಯ ನಿಜವಾದ ಎದುರಾಳಿ ನಮ್ಮ ಅಡುಗೆಮನೆಯಲ್ಲಿತ್ತು. ಚಳಿಗಾಲಕ್ಕೆಂದು ಬಂದ ಹುಡುಗನ ಆಯಿ, ಅಂದರೆ ಅಜ್ಜಿ, ಎಳ್ಳ ಅಮಾಸಿಗೆ ಸಜ್ಜಿ ರೊಟ್ಟಿ, ಭಜ್ಜಿ, ಕಡಬು, ಶೇಂಗಾ ಹೋಳಿಗೆ ಮಾಡಿ ಕಾಯುತ್ತ ಕುಳಿತರೆ, ಹುಡುಗ ಎರಡು ಹೋಳು ಸೌತೆಕಾಯಿ ತಿಂದು ಎದ್ದ. ಮರುದಿನ ಬೆಳಿಗ್ಗೆ ತೂಕ. ಇಲ್ಲಿಯ ಶಾಲಾ ಕುಸ್ತಿಯಲ್ಲಿ 106 ಪೌಂಡಿನಿಂದ 285ರವರೆಗೆ ವರ್ಗಗಳಿವೆ. ಇವನದು 126, ಅಂದರೆ ಸುಮಾರು 57 ಕೆಜಿ. ಒಂದು ಕಡಬು ಹೆಚ್ಚಾದರೆ ವರ್ಗವೇ ಬದಲು. ಮಕ್ಕಳು ಉಪವಾಸ ಬಿದ್ದು ಹಾಳಾಗಬಾರದೆಂದು ವಾರಕ್ಕೆ ಮೈತೂಕದ ನೂರಕ್ಕೆ ಒಂದೂವರೆ ಪಾಲಿಗಿಂತ ಹೆಚ್ಚು ಇಳಿಸುವಂತಿಲ್ಲ ಎಂಬ ನಿಯಮವೂ ಇದೆ. ಅರವತ್ತು ಕೆಜಿಯವನಿಗೆ 900 ಗ್ರಾಂ. ಅದನ್ನೆಲ್ಲ ಕೇಳಿಸಿಕೊಂಡ ಆಯಿ ಅಂದದ್ದು: “ಅಯ್ಯ ನಮ್ಮಪ್ಪಾ! ನಮ್ಮ ತೊಗರಿಗೂ ಇಷ್ಟು ಚೊಕ್ಕ ತೂಕ ಯಾರೂ ಹಾಕಿಲ್ಲ ನೋಡು.”

ಹನ್ನೆರಡನೇ ತರಗತಿಗೆ ಮುಂಚಿನ ಬೇಸಿಗೆ ರಜೆಯಲ್ಲಿ ಹುಡುಗ ಬಾಂಬು ಹಾಕಿದ. “ಅಪ್ಪ, ಈ ವರ್ಷ ಕುಸ್ತಿ ಬಿಡ್ಲಾ ಅಂತ ಯೋಚಿಸ್ತಿದೀನಿ. ಎಪಿ ಕ್ಲಾಸು, ಪ್ರಬಂಧ, ಅರ್ಜಿ... ಮೊದಲನೇ ತಂಡಕ್ಕಂತೂ ಹೋಗಲ್ಲ.”

ಅವನ ತಾಯಿಗೆ ಹಾಲು ಕುಡಿದಷ್ಟು ಸಂತೋಷ. ತಿಕ್ಕಾಟದಲ್ಲಿ ಪೈಲ್ವಾನರ ಕಿವಿ ಊದಿ ಗಂಟುಗಟ್ಟುವ ಫೋಟೋಗಳನ್ನು ಆಕೆ ಅಂತರ್ಜಾಲದಲ್ಲಿ ನೋಡಿದಾಗಿನಿಂದ ಮಗನ ಅಂಕಪಟ್ಟಿಗಿಂತ ಕಿವಿಯನ್ನೇ ಹೆಚ್ಚು ಪರೀಕ್ಷಿಸುತ್ತಿದ್ದಳು. ನನಗೆ ಮಾತ್ರ ಎದೆ ಝಲ್ಲೆಂದಿತು. ಅರ್ಜಿಯ ಕುಸ್ತಿ ಖಾನೆಯಲ್ಲಿ ಒಂಬತ್ತು, ಹತ್ತು, ಹನ್ನೊಂದನೇ ತರಗತಿಗೆ ಗುರುತು ಬಿದ್ದು ಹನ್ನೆರಡರ ಮುಂದೆ ಖಾಲಿ ಇದ್ದರೆ ಕಾಲೇಜಿನವರು ‘ಹುಡುಗ ನಡುವೆ ಕೈಬಿಡುವವನು’ ಅನ್ನುವುದಿಲ್ಲವೇ?

ಆಳಂದದ ಅಮರ್ಜಾ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ, ಭೀಮೆ ಜೇವರ್ಗಿಯತ್ತ ಹರಿಯುತ್ತದೆ. ನಮ್ಮ ಮನೆಯ ಸುದ್ದಿಗೂ ಅದೇ ಪಾತ್ರ. ಆಳಂದದಲ್ಲಿ ಅಪ್ಪನ ಕಿವಿಗೆ ಬಿದ್ದದ್ದು ಅಫಜಲಪುರಕ್ಕೆ ಕೊಟ್ಟ ಅಕ್ಕನನ್ನು ಮುಟ್ಟಿ, ಜೇವರ್ಗಿಯ ಬೀಗರ ಮನೆ ತಲುಪುವಷ್ಟರಲ್ಲಿ ತುಂಬಿ ಹರಿಯುತ್ತಿರುತ್ತದೆ.

ಅಕ್ಕ ಗಾಣಗಾಪುರದ ದತ್ತನಿಗೆ ಹರಕೆ ಹೊತ್ತಳು. “ಆಡಲಿ ಅಂತ ಹೊತ್ತಿಯೋ, ಬಿಡಲಿ ಅಂತ ಹೊತ್ತಿಯೋ?” ಎಂದು ಕೇಳಿದರೆ, “ಸೀಟ್ ಸಿಗಲಿ ಅಂತ ತಮ್ಮಾ. ಹೆಂಗಂಬೋದು ದೇವರಿಗೆ ಬಿಟ್ಟದ್ದು,” ಅಂದಳು. ಜೇವರ್ಗಿಯ ಅಳಿಯ ಸರ್ಕಾರಿ ನೌಕರ, ಮಾತೆಲ್ಲ ಕಾಯ್ದೆ ಪ್ರಕಾರ. “ಮಾಮಾರ, ಅಲ್ಲಿ ನಮ್ಮ 371 ಜೆ ನಡೀತದೇನ್ರಿ? ನಮ್ಮ ಭಾಗದಾಗ ಸ್ಥಳೀಯರಿಗೆ ನೂರಕ್ಕ ಎಪ್ಪತ್ತು ಸೀಟ್ ಅದಾವ. ಮೂಲ ಜೇವರ್ಗಿ ಅಂತ ಒಂದು ಪ್ರಮಾಣಪತ್ರ ಮಾಡಿಸಿ ಕಳಸ್ಲೇನು?” ಅಪ್ಪನ ಪರಿಹಾರ ಇನ್ನೂ ಹತ್ತಿರದ್ದು. “ಇಷ್ಟೆಲ್ಲಾ ರಗಳಿ ಯಾಕ? ನಮ್ಮ ಕಡಗಂಚಿಗೇ ಕೇಂದ್ರ ಸರ್ಕಾರದ ಯುನಿವರ್ಸಿಟಿ ಬಂದದ. ಕಳಸಿಬಿಡು. ಮನಿ ರೊಟ್ಟಿ ಉಂಡು ಓದ್ತಾನ.”

ಇಲ್ಲಿ ಕನ್ನಡ ಕೂಟದ ಹಿರಿಯರೊಬ್ಬರು ಇನ್ನೊಂದು ಹುಳ ಬಿಟ್ಟರು. ಹಾರ್ವರ್ಡಿನ ಪ್ರವೇಶ ಪದ್ಧತಿಯ ಮೇಲೆ ಬೋಸ್ಟನ್ನಿನಲ್ಲಿ 2018ರಲ್ಲಿ ಮೊಕದ್ದಮೆ ನಡೆದಾಗ, ತರಬೇತುದಾರರು ಆರಿಸಿಕೊಂಡ ಆಟಗಾರರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಸೀಟು ಸಿಗುತ್ತದೆಂಬುದು ಬಯಲಾಯಿತಂತೆ. ನಾನು ಮನೆಗೆ ಬಂದು ಮಗನಿಗೆ ಅದನ್ನೇ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, “ಅಪ್ಪ, ಅದಕ್ಕೆ ಕಾಲೇಜಿನ ಕೋಚ್ ನನ್ನನ್ನ ಹುಡುಕಿಕೊಂಡು ಬರಬೇಕು. ನನ್ನ ಸ್ಕೂಲಿನ ಕೋಚಿಗೇ ನನ್ನ ಹೆಸರು ಸರಿಯಾಗಿ ಬರಲ್ಲ,” ಅಂದ.

ಹೀಗಾಗಿ ನಾನು ನಮ್ಮವರ ಕೊನೆಯ ಅಸ್ತ್ರ ತೆಗೆದೆ: ಎಕ್ಸೆಲ್. ಒಂದು ಕಡೆ ಅರ್ಜಿಯ ತಾರೀಖು, ಇನ್ನೊಂದು ಕಡೆ ಕುಸ್ತಿಯ ತಾರೀಖು. ಬೇಗ ಉತ್ತರ ಬೇಕೆನ್ನುವವರು ಅರ್ಜಿ ಹಾಕಬೇಕಾದದ್ದು ಹೆಚ್ಚಿನ ಕಡೆ ನವೆಂಬರ್ 1ಕ್ಕೆ. ಕುಸ್ತಿ ಚಳಿಗಾಲದ ಆಟ. ನವೆಂಬರ್ ಕಡೆಗೆ ತಾಲೀಮು, ಡಿಸೆಂಬರಿನಲ್ಲಿ ಪಂದ್ಯ, ಮಾರ್ಚ್ ಮೊದಲಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ರಾಜ್ಯದ ಕೊನೆಯ ಪಂದ್ಯಗಳು. ಅಂದರೆ ಅರ್ಜಿ ಹೋಗುವ ಹೊತ್ತಿಗೆ ಹನ್ನೆರಡನೆಯ ವರ್ಷದ ಕುಸ್ತಿ ಹುಟ್ಟಿಯೇ ಇರುವುದಿಲ್ಲ! ಗೆದ್ದರೂ ಸೋತರೂ ಓದುವವರಿಲ್ಲ.

ಭಾನುವಾರದ ಕಾಲಿನಲ್ಲಿ ಮೂರೂ ತಾಲೂಕುಗಳ ಎದುರು ತೀರ್ಪು ಓದಿದೆ. “ಲೆಕ್ಕ ಹಾಕಿ ನೋಡೀನಿ. ಹನ್ನೆರಡನೇ ವರ್ಷದ ಕುಸ್ತಿಯಿಂದ ನಯಾಪೈಸೆ ಲಾಭ ಇಲ್ಲ. ಬಿಟ್ಟರೆ ನಡೀತದ.” ಹೆಂಡತಿ ಕೈಮುಗಿದಳು. ಅಳಿಯ ಹೆಬ್ಬೆರಳ ಚಿತ್ರ ಕಳಿಸಿದ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಅಲ್ಲೋ ತಮ್ಮಾ, ನಾ ಕುಸ್ತಿ ಹಿಡದಾಗ ಲಾಭ ಎಷ್ಟಂತ ನಮ್ಮಪ್ಪ ಕೇಳಿದ್ರ, ತೆಂಗಿನಕಾಯಿಗೆ ಏನ್ ರೇಟ್ ಹೇಳ್ಬೇಕಿತ್ತು?”

ಅಷ್ಟು ಹೊತ್ತು ಫೋನಿನ ಹಿಂದೆ ನಿಂತಿದ್ದ ಹುಡುಗ ಮುಂದೆ ಬಂದ. “ನವೆಂಬರ್ ಆದಮೇಲೆ ಯಾರೂ ಎಣಿಸಲ್ವಾ? ತಾಸು, ವಾರ, ಏನೂ ಇಲ್ವಾ?”

“ಯಾರೂ ಇಲ್ಲ,” ಎಂದೆ.

“ಹಾಗಾದರೆ ಆಡ್ತೀನಿ.”

ಸೀಟಿಗಾಗಿ ಆಟ ಬಿಟ್ಟ ನನಗೆ, ಸೀಟಿಗಾಗಿ ಆಟ ಆಡಿಸಿದ ನನಗೆ, ಸೀಟಿನ ಸುದ್ದಿಯೇ ಇಲ್ಲದ ಆಟ ಯಾವ ಕಾಲಮ್ಮಿನಲ್ಲಿ ಹಾಕಬೇಕೋ ಎಕ್ಸೆಲ್ಲಿನಲ್ಲಿ ಸಿಗಲಿಲ್ಲ. ಮೂರು ವರ್ಷದಲ್ಲಿ ಮೊದಲ ಬಾರಿಗೆ ಹುಡುಗ ಕುಸ್ತಿಯ ಬಗ್ಗೆ ನಗುತ್ತ ಮಾತಾಡುತ್ತಿದ್ದ, ಅದಕ್ಕೂ ಖಾನೆ ಇರಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಅರ್ಜಿ ತುಂಬಿದೆವು. ಕುಸ್ತಿಯ ಖಾನೆಯ ಕೆಳಗೆ ಒಂದು ಪುಟ್ಟ ಪ್ರಶ್ನೆ: ಇಂಥದ್ದನ್ನು ಕಾಲೇಜಿನಲ್ಲೂ ಮುಂದುವರಿಸುವ ಇರಾದೆ ಇದೆಯೇ? ನಾನು ‘ಇಲ್ಲ’ದ ಕಡೆ ಬೆರಳು ತೋರಿಸುವಷ್ಟರಲ್ಲಿ ಹುಡುಗ ‘ಹೌದು’ ಒತ್ತಿಬಿಟ್ಟ.

“ರೀ, ಇನ್ನ ನಾಕ್ ವರ್ಷ ಇವನ ಕಿವಿ ಯಾರು ಕಾಯಬೇಕ್ರಿ?” ಎಂದು ಹೆಂಡತಿ ತಲೆಮೇಲೆ ಕೈಹೊತ್ತಳು. ಸುದ್ದಿ ಆಳಂದಕ್ಕೆ ಮುಟ್ಟಿದ ಕೂಡಲೇ ಅಪ್ಪನ ಫೋನು ಬಂತು: “ತಡಿ ತಮ್ಮಾ, ಕಡಗಂಚಿಯೊಳಗ ಗರಡಿಮನಿ ಅದನೋ ಇಲ್ಲೋ ನಾಳಿಗೇ ಹೋಗಿ ನೋಡ್ಕೊಂಡ್ ಬರ್ತೀನಿ.”