ಎರಡು ಫ್ಲ್ಯಾಗ್ ಕಡಿಮೆ

(ಬಸವನಗುಡಿಯ ಒಂದು ಮನೆ. ಸೊಸೆಗೆ ನಾಳೆ ನೆಟ್‌ವರ್ಕ್ ಸೆಕ್ಯುರಿಟಿ ಸರ್ಟಿಫಿಕೇಷನ್ ಪರೀಕ್ಷೆ. ಪ್ರಶ್ನೆ ಕೇಳೋನು ಮಗ. ಉತ್ತರವೆಲ್ಲ ಪುಸ್ತಕದಲ್ಲೇ ಇರೋದರಿಂದ ಅವನಿಗೆ ಧೈರ್ಯ ಜಾಸ್ತಿ. ಅತ್ತೆ ಅವರೇಕಾಯಿ ಬಿಡಿಸುತ್ತಿದ್ದಾರೆ.)

ಮಗ: ಟಿಸಿಪಿ ಹೆಡರ್ ಎಷ್ಟು?

ಸೊಸೆ: ಕಮ್ಮಿ ಅಂದ್ರೆ 20 ಬೈಟು.

ಅತ್ತೆ: ಇಪ್ಪತ್ತು ಬೈಟೂನಾ! ಯಾರ್ಯಾರು ಬರ್ತಿದಾರಮ್ಮ? ಹಾಲು ಅರ್ಧ ಲೀಟರೇ ಇರೋದು.

ಸೊಸೆ: ಕಾಫಿ ಅಲ್ಲ ಅತ್ತೆ, ಕಂಪ್ಯೂಟರ್ ಲೆಕ್ಕ.

ಮಗ: ಮೊದಲು ಬರೋದು ಕಳಿಸಿದವರ ಐಪಿ ಅಡ್ರೆಸ್ಸು, ಅಲ್ವಾ?

ಸೊಸೆ: ಎಲ್ಲರೂ ಜಾರೋದು ಇಲ್ಲೇ. ಅಡ್ರೆಸ್ಸು ಇರೋದು ಐಪಿ ಹೆಡರಿನಲ್ಲಿ. ಇದರಲ್ಲಿ ಬರೀ ಪೋರ್ಟು: ಹೊರಟದ್ದಕ್ಕೆ ಎರಡು ಬೈಟು, ತಲುಪೋದಕ್ಕೆ ಎರಡು. ಆಮೇಲೆ ಸೀಕ್ವೆನ್ಸ್ ನಂಬರಿಗೆ ನಾಲ್ಕು, ಅಕ್ನಾಲೆಜ್‌ಮೆಂಟಿಗೆ ನಾಲ್ಕು.

ಮಗ: ಗೊತ್ತು. ನಿನ್ನ ಪರೀಕ್ಷೆ ಮಾಡೋಕೇ ಹಾಗೆ ಕೇಳಿದ್ದು.

ಅತ್ತೆ: ನಿಮ್ಮಪ್ಪನೂ ಹೀಗೇ ಅಂತಿದ್ರು.

ಮಗ: ಸೀಕ್ವೆನ್ಸ್ ನಂಬರು ಒಂದರಿಂದ ಶುರುವಾದ್ರೆ ಸಾಲದಾ?

ಸೊಸೆ: ಕಳ್ಳನಿಗೂ ಅದೇ ಬೇಕು! ಊಹಿಸೋಕೆ ಆಗೋ ನಂಬರು ಇದ್ದದ್ದಕ್ಕೇ 1994ರ ಕ್ರಿಸ್‌ಮಸ್ ದಿನ ಅಮೆರಿಕದಲ್ಲಿ ಸುತೋಮು ಶಿಮೊಮುರಾ ಅನ್ನೋ ಭದ್ರತಾ ತಜ್ಞರ ಕಂಪ್ಯೂಟರಿಗೇ ನುಗ್ಗಿದರು.

ಅತ್ತೆ: ಹಬ್ಬದ ದಿನವೇ! ಸರಿ, ಈ ಸಿನ್ನು ಅಕ್ಕು ಅಂತ ನಿದ್ದೇಲೂ ಬಡಬಡಿಸ್ತೀಯಲ್ಲ, ಅದೇನು?

ಸೊಸೆ: ಮಾತು ಶುರುಮಾಡೋ ಪದ್ಧತಿ. ಇವರು ಸಿನ್ ಕಳಿಸಬೇಕು, ಅವರು ಸಿನ್-ಅಕ್ ಅನ್ನಬೇಕು, ಮತ್ತೆ ಇವರು ಅಕ್ ಅನ್ನಬೇಕು.

ಅತ್ತೆ: ನಿಮ್ಮ ಚಿಕ್ಕತ್ತೆ ಬರೀ ಮಿಸ್ಡ್ ಕಾಲ್ ಕೊಟ್ಟು ಇಡ್ತಾಳೆ. ನಾನು ವಾಪಸ್ ಮಾಡಿದ್ರೆ ಎತ್ತಲ್ಲ.

ಸೊಸೆ: ಅದೇ ಅತ್ತೆ, ಸಿನ್ ಫ್ಲಡ್ಡು! ಸುಳ್ಳು ಅಡ್ರೆಸ್ಸಿಂದ ಸಿನ್ ಮೇಲೆ ಸಿನ್. ಸರ್ವರ್ ಮೂರನೇ ಉತ್ತರಕ್ಕೆ ಕಾಯ್ತಾ ಕೂರುತ್ತೆ, ಕಾಯೋ ಪಟ್ಟಿ ತುಂಬಿ ಹೋಗುತ್ತೆ, ನಿಜವಾದ ಗಿರಾಕಿಗೆ ಜಾಗ ಇಲ್ಲ. 1996ರಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಕಂಪನಿಗೆ ಹೀಗೇ ಆಯ್ತು.

ಅತ್ತೆ: ಕಾಯೋದ್ಯಾಕೆ? ಮರೆತುಬಿಟ್ರಾಯ್ತು.

ಸೊಸೆ: ಸಿನ್ ಕುಕೀ ಮಾಡೋದೂ ಅದನ್ನೇ! ಯಾವ ಪಟ್ಟಿಯಲ್ಲೂ ಬರ್ಕೊಳ್ಳಲ್ಲ. ಗುರುತನ್ನ ಸೀಕ್ವೆನ್ಸ್ ನಂಬರಿನಲ್ಲೇ ಅಡಗಿಸಿ ಕಳಿಸುತ್ತೆ. ಉತ್ತರ ಬಂದ್ರೆ ಮಾತ್ರ ನೆಂಟಸ್ತಿಕೆ.

ಮಗ: ಅಮ್ಮಾ, ಪರೀಕ್ಷೆ ಅವಳದ್ದು! ಡೇಟಾ ಆಫ್‌ಸೆಟ್ 5 ಅಂತಿದ್ರೆ ಹೆಡರ್ 5 ಬೈಟು. ಸರೀನಾ?

ಸೊಸೆ: ಐದು ನಾಲ್ಕಲ ಇಪ್ಪತ್ತು ರೀ! ನಾಲ್ಕು ಬೈಟಿಗೆ ಒಂದು ಎಣಿಕೆ. ಆ ಖಾನೆಗೆ ನಾಲ್ಕೇ ಬಿಟ್ಟು, 15ಕ್ಕಿಂತ ಹೆಚ್ಚು ಹಿಡಿಸಲ್ಲ. ಅದಕ್ಕೇ ಹೆಡರ್ 60 ಬೈಟು ದಾಟಲ್ಲ.

ಮಗ: ಹೆಕ್ಸ್ ಡಂಪು. ಸೊನ್ನೆಯಿಂದ ಎಣಿಸಿ 13ನೇ ಬೈಟಲ್ಲಿ 02?

ಸೊಸೆ: ಸಿನ್. 12 ಇದ್ರೆ ಸಿನ್-ಅಕ್.

ಮಗ: 29?

ಸೊಸೆ: ಫಿನ್, ಪುಶ್, ಅರ್ಜೆಂಟ್ ಮೂರೂ ಒಟ್ಟಿಗೇ ಹೊತ್ತಿಕೊಂಡಿವೆ. ಕ್ರಿಸ್‌ಮಸ್ ಸ್ಕ್ಯಾನು. ನೆಟ್ಟಗಿರೋ ಯಾವ ಪ್ರೋಗ್ರಾಮೂ ಹಾಗೆ ಕಳಿಸಲ್ಲ, ಯಾರೋ ಬಾಗಿಲು ತಟ್ಟಿ ನೋಡ್ತಿದಾರೆ ಅಂತ ಅರ್ಥ.

ಅತ್ತೆ: ಆ ಹಬ್ಬ ಬಿಡಲ್ಲ ನಿಮ್ಮನ್ನ.

ಮಗ: ಕೊನೇದು. ಒಟ್ಟು ಎಷ್ಟು ಫ್ಲ್ಯಾಗು?

ಸೊಸೆ: ಎಂಟು.

ಮಗ: (ಎದ್ದು ನಿಂತು) ತಪ್ಪು! ಆರು! ಪುಸ್ತಕದಲ್ಲೇ ಇದೆ.

ಸೊಸೆ: ಅದು 1981ರ ಆರ್‌ಎಫ್‌ಸಿ 793ರ ಲೆಕ್ಕ. 2001ರಲ್ಲಿ ಇಸಿಇ, ಸಿಡಬ್ಲ್ಯುಆರ್ ಅಂತ ಇನ್ನೆರಡು ಸೇರಿದವು. 2022ರಲ್ಲಿ 793ರ ಜಾಗಕ್ಕೇ 9293 ಬಂತು. ಎಲ್ಲಿ ತಂದ್ರಿ ಇದನ್ನ?

ಮಗ: ಅವೆನ್ಯೂ ರಸ್ತೇಲಿ... ಅರ್ಧ ಬೆಲೆಗೆ ಸಿಕ್ತು.

ಅತ್ತೆ: ಎಂಟರಲ್ಲಿ ಎರಡು ಕಮ್ಮಿ ಇರೋದಕ್ಕೆ ಅರ್ಧ ಬೆಲೇನೇ ಅನ್ನು. ನೀನೇನೋ ಲಾಭ ಮಾಡ್ಕೊಂಡೆ, ನಾಳೆ ಮಾರ್ಕು ಹೋಗೋದು ಇವಳದ್ದು.